ಬಾಸ್ 302 ಮತ್ತು ಕ್ಯಾಮರೊ ಝಡ್/28: ಓಡಿಸೋಕೆ ಯಾವುದು, ಇಟ್ಟುಕೊಳ್ಳೋಕೆ ಯಾವುದು

ಹೋದ ಆಗಸ್ಟಿನ ಮೂರನೇ ಶನಿವಾರ ಬೆಳಿಗ್ಗೆಯಿಂದಲೇ ವುಡ್‌ವರ್ಡ್ ರಸ್ತೆ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆ. ಡೆಟ್ರಾಯ್ಟ್ ಕಡೆ ಇರುವವರಿಗೆ ಅದು ಯಾವ ದಿನ ಅಂತ ಹೇಳಬೇಕಿಲ್ಲ. 1995ರಿಂದ ನಡೆದುಕೊಂಡು ಬಂದಿರುವ ವುಡ್‌ವರ್ಡ್ ಡ್ರೀಮ್ ಕ್ರೂಸ್, ಹಳೇ ಕಾರುಗಳ ತೇರು ಅಂದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮುಂದಿನ ಸಿಗ್ನಲ್‌ನಲ್ಲಿ ಎರಡು ಕಾರು ಅಕ್ಕಪಕ್ಕ ಬಂದು ನಿಂತವು. ಒಂದು ನೀಲಿ ಮೈಗೆ ಅಗಲವಾದ ಬಿಳಿ ಪಟ್ಟೆ ಎಳೆದ 1969ರ ಷೆವ್ರೊಲೆ ಕ್ಯಾಮರೊ ಝಡ್/28. ಇನ್ನೊಂದು ಹಳದಿ ಬಣ್ಣದ, ಕಪ್ಪು ಬಾನೆಟ್ಟಿನ 1969ರ ಫೋರ್ಡ್ ಮಸ್ಟಾಂಗ್ ಬಾಸ್ 302. ಎರಡೂ ನಿಂತಲ್ಲೇ ಗಡಗಡ ನಡುಗುತ್ತಿದ್ದವು. ಆ ಗಡಗಡದ ಮೇಲೆ ಇನ್ನೊಂದು ಸಣ್ಣ ಸದ್ದು, ಟಿಕಿಟಿಕಿಟಿಕಿ, ನಮ್ಮೂರ ಟೈಲರ್ ಅಂಗಡಿಯಲ್ಲಿ ನಾಲ್ಕು ಮಿಷನ್ ಒಟ್ಟಿಗೆ ತುಳಿದ ಹಾಗೆ. ಅದು ಸಾಲಿಡ್ ಲಿಫ್ಟರ್, ಅಂದರೆ ವಾಲ್ವುಗಳನ್ನು ಎತ್ತುವ ಗಟ್ಟಿ ಲೋಹದ ತುಂಡುಗಳ ಸದ್ದು. ಆ ಸದ್ದು ಕೇಳಿದರೆ ನಾನು ಮಾತಾಡುವುದನ್ನು ನಿಲ್ಲಿಸಿಬಿಡುತ್ತೇನೆ.

ಪಕ್ಕದಲ್ಲಿ ಶಿವಮೊಗ್ಗದ ಗೆಳೆಯ ಕೂತಿದ್ದ. ಅವನಿಗೆ ಕಾರು ಅಂದರೆ ಆಫೀಸಿಗೆ ಕರೆದುಕೊಂಡು ಹೋಗುವ ಗಾಡಿ, ಅಷ್ಟೇ. ಆದರೂ ಅವನು ಕೇಳಿದ ಪ್ರಶ್ನೆ ಸರಿಯಾಗಿತ್ತು: "ಎರಡೂ ಒಂದೇ ಥರ ಸದ್ದು ಮಾಡ್ತಾವಲ್ಲ ಮಾರಾಯ, ಯಾವುದು ಜೋರು? ದುಡ್ಡಿದ್ರೆ ನೀನು ಯಾವುದನ್ನ ತಗೋತೀಯ?"

ಅವತ್ತು ಅರ್ಧಂಬರ್ಧ ಉತ್ತರ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿದೆ. ಓಟದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಇರದ ಹಾಗೆ ನಿಯಮವೇ ನೋಡಿಕೊಂಡಿತ್ತು. ಆದರೆ ಕೊಂಡು ಇಟ್ಟುಕೊಳ್ಳುವ ವಿಷಯಕ್ಕೆ ಬಂದರೆ ನನ್ನ ದುಡ್ಡು ಬಾಸ್ 302ಕ್ಕೆ. ಕಾರಣ ಒಂದೇ ಒಂದು ಅಕ್ಷರ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಇವು ಇಷ್ಟೊಂದು ಒಂದೇ ಥರ ಯಾಕಿವೆ ಅಂತ. 1966ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್‌ನವರು ಟ್ರಾನ್ಸ್-ಆಮ್ ಅನ್ನುವ ರೇಸ್ ಸರಣಿ ಶುರು ಮಾಡಿದರು. ಅಂಗಡಿಯಲ್ಲಿ ಮಾರುವ ಕಾರೇ ಟ್ರ್ಯಾಕಿಗೆ ಇಳಿಯಬೇಕು, ಎಂಜಿನ್ 5 ಲೀಟರ್, ಅಂದರೆ 305 ಕ್ಯುಬಿಕ್ ಇಂಚು ಮೀರಬಾರದು. ರೇಸಿಗೆ ಅಂತ ಏನು ಹೊಸದಾಗಿ ಮಾಡಿದರೂ ಅದನ್ನು ಜನಕ್ಕೂ ಇಂತಿಷ್ಟು ಸಂಖ್ಯೆಯಲ್ಲಿ ಮಾರಲೇಬೇಕು. ಅವತ್ತಿನ ಅಮೆರಿಕದಲ್ಲಿ ದೊಡ್ಡ ಎಂಜಿನ್ನೇ ದೊಡ್ಡಸ್ತಿಕೆ, 390, 396, 428 ಅಂತ ಸಂಖ್ಯೆ ಏರುತ್ತಲೇ ಇತ್ತು. ಅಂಥಾ ಕಾಲದಲ್ಲಿ ಎರಡು ಕಂಪನಿಗಳು 5 ಲೀಟರ್ ಒಳಗೆ ಎಷ್ಟು ಉಸಿರು ಹಿಡಿಸಬಹುದು ಅಂತ ತಲೆ ಕೆಡಿಸಿಕೊಂಡು ಕೂತವು. ಕೊನೆಗೆ ಎರಡೂ ಬಂದು ನಿಂತದ್ದು ಒಂದೇ ಜಾಗಕ್ಕೆ. 4 ಇಂಚಿನ ಬೋರ್ (ಸಿಲಿಂಡರಿನ ಅಗಲ), 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ), 302 ಕ್ಯುಬಿಕ್ ಇಂಚು. ಕಾಗದದ ಮೇಲೆ ಎರಡಕ್ಕೂ 290 ಹಾರ್ಸ್‌ಪವರ್. ವೀಲ್‌ಬೇಸ್ ಕೂಡ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಎರಡಕ್ಕೂ 108 ಇಂಚು! ಅಣ್ಣತಮ್ಮಂದಿರ ಜಾತಕ ಹೊಂದಿದ ಹಾಗೆ.

ಆದರೆ ಆ ಜಾಗಕ್ಕೆ ಬಂದ ದಾರಿ ಬೇರೆ ಬೇರೆ. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವುದೇ ಅದು.

ಷೆವ್ರೊಲೆಯವರದು ಮನೆಯಲ್ಲಿ ಇದ್ದದ್ದನ್ನೇ ಸೇರಿಸಿ ಅಡುಗೆ ಮಾಡಿದ ಹಾಗೆ. ವಿನ್ಸ್ ಪಿಗಿನ್ಸ್ ಅಂತ ಅವರ ಕಡೆಯ ಎಂಜಿನಿಯರು, ರೇಸಿನ ಮರ್ಮ ಗೊತ್ತಿದ್ದ ಮನುಷ್ಯ. 327 ಎಂಜಿನ್ನಿನ ಬ್ಲಾಕ್ (ಸಿಲಿಂಡರುಗಳಿರುವ ಮೈ) ತಗೊಂಡು, ಅದರೊಳಗೆ 283 ಎಂಜಿನ್ನಿನ ಸ್ಟ್ರೋಕ್ ಇರುವ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಕೂರಿಸಿದರೆ 302 ಬರುತ್ತದೆ ಅನ್ನುವ ಲೆಕ್ಕ. ಸ್ಟ್ರೋಕ್ ಗಿಡ್ಡ ಆದಷ್ಟೂ ಪಿಸ್ಟನ್ ಒಂದು ಸುತ್ತಿಗೆ ಕಮ್ಮಿ ದೂರ ಓಡುತ್ತದೆ, ಹಾಗಾಗಿ ಎಂಜಿನ್ ಮೇಲಕ್ಕೆ ಮೇಲಕ್ಕೆ ಏರಿದರೂ ತಡೆದುಕೊಳ್ಳುತ್ತದೆ. 11ಕ್ಕೆ 1 ಕಂಪ್ರೆಷನ್, ಮೇಲೆ ದೊಡ್ಡ ಹಾಲಿ ಕಾರ್ಬುರೇಟರ್, ಒಳಗೆ ವಾಲ್ವುಗಳನ್ನು ತೆರೆಸುವ, "30-30" ಅಂತ ಹೆಸರಾದ ಕ್ಯಾಮ್‌ಶಾಫ್ಟ್. ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಒಂದು ಇಂಚಿನ ಸಾವಿರ ಭಾಗದಲ್ಲಿ 30 ಭಾಗದಷ್ಟು ಸಂದು ಬಿಡಬೇಕು, ಗಾಳಿ ಒಳಗೆ ಬರುವ ಇನ್‌ಟೇಕಿಗೂ ಅಷ್ಟೇ ಹೊಗೆ ಹೊರಗೆ ಹೋಗುವ ಎಕ್ಸಾಸ್ಟಿಗೂ ಅಷ್ಟೇ, ಅದಕ್ಕೇ ಆ ಹೆಸರು. ಟೈಲರ್ ಮಿಷನ್ ಸದ್ದು ಬರುವುದು ಆ ಸಂದಿನಿಂದಲೇ. ಕಾರಿಗೆ ಹೆಸರು ಇಡುವುದಕ್ಕೂ ಅವರು ಕಷ್ಟಪಡಲಿಲ್ಲ. ಆರ್ಡರ್ ಫಾರಮ್ಮಿನಲ್ಲಿ ಆ ಪ್ಯಾಕೇಜಿಗೆ ಇದ್ದ ಸಂಕೇತವೇ ಝಡ್28, ಅದನ್ನೇ ಹೆಸರು ಮಾಡಿಬಿಟ್ಟರು. ಮೊದಲ ವರ್ಷ, 1967ರಲ್ಲಿ, ಮಾಡಿದ್ದು ಬರೀ 602 ಕಾರು.

ಫೋರ್ಡ್‌ನವರ ದಾರಿಯಲ್ಲಿ ಮೊದಲು ಒಂದು ಪೆಟ್ಟು ಬಿತ್ತು. 1966, 1967 ಎರಡೂ ವರ್ಷ ಟ್ರಾನ್ಸ್-ಆಮ್ ಪಟ್ಟ ಅವರದೇ. 1968ಕ್ಕೆ ಟನಲ್ ಪೋರ್ಟ್ ಅನ್ನುವ ಹೊಸ 302 ಎಂಜಿನ್ ತಂದರು, ಅದು ರೇಸಿನ ಮೇಲೆ ರೇಸಿನಲ್ಲಿ ಒಡೆದು ಹೋಯಿತು. ಆ ವರ್ಷ ರೋಜರ್ ಪೆನ್‌ಸ್ಕೆ ತಂಡದ ಮಾರ್ಕ್ ಡಾನಹ್ಯೂ ಕ್ಯಾಮರೊದಲ್ಲಿ 13ರಲ್ಲಿ 10 ರೇಸ್ ಗೆದ್ದ. ಇಂಥಾ ಸೋಲಿನಿಂದ ಹುಟ್ಟಿದ್ದು ಬಾಸ್. ಮುಂದೆ ಬರಬೇಕಿದ್ದ 351 ಕ್ಲೀವ್‌ಲ್ಯಾಂಡ್ ಎಂಜಿನ್ನಿಗೆ ಅಂತ ಫೋರ್ಡ್ ಎಂಜಿನಿಯರುಗಳು ಹೊಸ ಸಿಲಿಂಡರ್ ಹೆಡ್, ಅಂದರೆ ಬ್ಲಾಕಿನ ಮೇಲೆ ಕೂರುವ, ವಾಲ್ವುಗಳಿರುವ ಭಾಗ, ಮಾಡಿದ್ದರು. ವಾಲ್ವುಗಳು ನೇರ ನಿಲ್ಲದೆ ಓರೆಯಾಗಿ ಕೂತ, ಗಾಳಿ ದಂಡಿಯಾಗಿ ಒಳಗೆ ನುಗ್ಗುವ ಹೆಡ್. ಅದರ ಬೋಲ್ಟುಗಳ ಜಾಗ 302 ಬ್ಲಾಕಿಗೂ ಹೊಂದುತ್ತಿತ್ತು, ನೀರು ಹರಿಯುವ ದಾರಿಯನ್ನು ಮಾತ್ರ ಸ್ವಲ್ಪ ಬದಲಿಸಬೇಕಿತ್ತು. ತಗೊಂಡು ಕೂರಿಸಿದರು. ಝಡ್/28ರ ಇನ್‌ಟೇಕ್ ವಾಲ್ವ್ 2.02 ಇಂಚು ಅಗಲ. 1969ರ ಬಾಸ್‌ನದು 2.23 ಇಂಚು. ಐದು ಲೀಟರ್ ಎಂಜಿನ್ನಿಗೆ ಅಷ್ಟು ದೊಡ್ಡ ಬಾಗಿಲು ಜಾಸ್ತಿಯೇ ಆಯಿತು ಅಂತ ಅವರಿಗೇ ಅನ್ನಿಸಿರಬೇಕು, 1970ರಲ್ಲಿ ಅದನ್ನು 2.19ಕ್ಕೆ ಇಳಿಸಿದರು.

ಕಾರಿನ ರೂಪ ತಿದ್ದಿದ್ದು ಲ್ಯಾರಿ ಶಿನೋಡಾ. ಮೊದಲು ಜನರಲ್ ಮೋಟರ್ಸ್‌ನಲ್ಲಿದ್ದವರು. ಅಲ್ಲಿಂದ ಫೋರ್ಡ್ ಅಧ್ಯಕ್ಷರಾಗಿ ಬಂದ ಬಂಕಿ ನುಡ್ಸನ್ ಅವರ ಹಿಂದೆಯೇ ಫೋರ್ಡ್‌ಗೆ ಬಂದರು. "ಬಾಸ್" ಅನ್ನುವ ಹೆಸರೂ ಅವರದೇ, ನಮ್ಮ ಬಾಸ್‌ನ ಕಾರು ಅನ್ನುವ ಅರ್ಥದಲ್ಲಿ. ಮಸ್ಟಾಂಗ್ ಮೈಮೇಲಿದ್ದ ಸುಳ್ಳು ಗಾಳಿಕಿಂಡಿಗಳನ್ನೆಲ್ಲ ಕಿತ್ತು ಹಾಕಿ ಒಂದು ಕಪ್ಪು ಪಟ್ಟೆ ಎಳೆದರು, ಮುಂದೆ ಒಂದು ಸ್ಪಾಯ್ಲರ್. ಅಷ್ಟೇ. ನನ್ನ ಕಣ್ಣಿಗೆ ಮಸ್ಟಾಂಗ್ ಇಷ್ಟು ಚೆನ್ನಾಗಿ ಕಂಡದ್ದು ಇನ್ನೊಂದಿಲ್ಲ.

ಈಗ ಓಡಿಸುವ ವಿಷಯ. ನೀಲಿ ಝಡ್/28 ನನ್ನ ಹಳೇ ಸಹೋದ್ಯೋಗಿಯದು. ಅದನ್ನು ನಾನು ಎರಡು ಸಲ ಓಡಿಸಿದ್ದೇನೆ. ಹಳದಿ ಬಾಸ್ ನಮ್ಮ ಎದುರು ಮನೆಯ ಹಿರಿಯರದು, ಅದರಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬೇಕಾದಷ್ಟು ಸುತ್ತಿದ್ದೇನೆ, ಒಮ್ಮೆ ಮಾತ್ರ ಕೀಲಿ ಕೈ ನನ್ನ ಕೈಗೆ ಬಂತು. ಹಳೇ ಅಮೆರಿಕನ್ ವಿ8 ಅಂದರೆ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಬೆನ್ನಿಗೆ ಗುದ್ದುತ್ತದೆ ಅಂದುಕೊಂಡು ಇವುಗಳಲ್ಲಿ ಕೂತರೆ ನಿರಾಸೆ ಆಗುತ್ತದೆ. ಝಡ್/28 ಪೇಟೆಯಲ್ಲಿ ಕೆಮ್ಮುತ್ತದೆ. ಎಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿರುವಾಗ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದರೆ, ಗಂಟಲು ಕಟ್ಟಿದವರ ಹಾಗೆ ಗರಗರ ಅಂತದೆಯೇ ಹೊರತು ಎಳೆಯುವುದಿಲ್ಲ. 3,000, ಇನ್ನೂ ಏನಿಲ್ಲ. 4,000 ದಾಟಿದ ಮೇಲೆ ನೋಡಿ! ಸದ್ದೇ ಬೇರೆ ಆಗುತ್ತದೆ, ಗರಗರ ಹೋಗಿ ಒಂದೇ ಎಳೆಯ ಕೂಗು ಆಗುತ್ತದೆ, ಬಾನೆಟ್ಟಿನ ಮುಂಭಾಗ ಸ್ವಲ್ಪ ಮೇಲೆದ್ದ ಹಾಗಾಗಿ ಮುಳ್ಳು ಓಡುತ್ತಾ ಓಡುತ್ತಾ ಹೋಗುತ್ತದೆ, ಗೇರ್ ಬದಲಿಸಲು ಮನಸ್ಸೇ ಬರುವುದಿಲ್ಲ. ಆ ಎಂಜಿನ್ 7,000 ಸುತ್ತಿನ ಕಡೆಗೆ ನಗುನಗುತ್ತಾ ಹೋಗುತ್ತದೆ. ಮೋಟರ್‌ಸೈಕಲ್ ಬಿಟ್ಟರೆ ಇಂಥಾ ಅನುಭವ ನನಗೆ ಬೇರೆ ಎಲ್ಲೂ ಆಗಿಲ್ಲ. 290 ಅನ್ನುವುದು ಎರಡೂ ಕಂಪನಿ ಬೇಕಂತಲೇ ಕಮ್ಮಿ ಹೇಳಿದ ಲೆಕ್ಕ ಅಂತ ಇವನ್ನು ಬಲ್ಲವರೆಲ್ಲ ಹೇಳುತ್ತಾರೆ. ಒಮ್ಮೆ ಓಡಿಸಿದ ಮೇಲೆ ನಾನೂ ಅದನ್ನೇ ಹೇಳುತ್ತೇನೆ.

ಬಾಸ್ ಕೂಡ ಕೆಳಗಡೆ ಸೋಮಾರಿ. ಆ ದೊಡ್ಡ ವಾಲ್ವುಗಳಿಂದ ನಿಧಾನದ ಓಟದಲ್ಲಿ ಗಾಳಿಗೆ ವೇಗವೇ ಬರುವುದಿಲ್ಲ. ಮೇಲೆ ಹೋದರೆ ಅದೂ ಹುಲಿ, ಆದರೆ ಕಂಪನಿಯವರು ಒಂದು ರೆವ್ ಲಿಮಿಟರ್ ಕೂರಿಸಿ 6,000 ದಾಟಿದ ಸ್ವಲ್ಪ ಹೊತ್ತಿಗೆ ತಡೆದುಬಿಡುತ್ತಾರೆ. ಕಾಲು ಮೈಲಿ ಓಟದಲ್ಲಿ ಎರಡೂ 15 ಸೆಕೆಂಡಿನ ಆಸುಪಾಸು, ಓಡಿಸುವವನ ಕೈ ಮೇಲೆ ಹೋಗುತ್ತದೆ. ಆದರೆ ತಿರುವಿನಲ್ಲಿ ಬಾಸ್ ಒಂದು ಕೈ ಮೇಲು. ನಾನು ಬ್ರೇಕ್ ವಿಭಾಗದಲ್ಲಿ ಕೆಲಸ ಮಾಡುವವನು, ಕಾರು ತಿರುವಿಗೆ ಹೇಗೆ ಬಗ್ಗುತ್ತದೆ ಅನ್ನುವುದರ ಮೇಲೇ ನನ್ನ ಗಮನ ಹೋಗುವುದು. ಬಾಸ್‌ಗೆ ಅವರು ಅಗಲವಾದ ಎಫ್60-15 ಟೈರ್ ಹಾಕಿದರು, ಆ ಟೈರಿನ ಹಿಡಿತಕ್ಕೆ ಷಾಕ್ ಅಬ್ಸಾರ್ಬರ್ ಹಿಡಿದಿಡುವ ಮುಂದಿನ ಷಾಕ್ ಟವರ್ ಬಿರುಕು ಬಿಡಬಾರದು ಅಂತ ಅದನ್ನು ಗಟ್ಟಿ ಮಾಡಿದರು, ಫೆಂಡರ್ ಅಂಚನ್ನೂ ಟೈರಿಗೆ ತಕ್ಕ ಹಾಗೆ ತಿದ್ದಿದರು. ಝಡ್/28ಕ್ಕೆ ಇ70-15, ಅದಕ್ಕಿಂತ ಕಿರಿದು. ಬಾಸ್ ಮೂಗು ತಿರುಗಿಸಿದ ಕಡೆ ಹೋಗುತ್ತದೆ. ಕ್ಯಾಮರೊಗೆ ಆಕ್ಸಿಲರೇಟರ್‌ನಿಂದ ಒಂದಿಷ್ಟು ಬುದ್ಧಿ ಹೇಳಬೇಕಾಗುತ್ತದೆ.

ಟ್ರ್ಯಾಕಿನ ಲೆಕ್ಕವೂ ಸಮ ಸಮ. 1969ರಲ್ಲಿ ಪೆನ್‌ಸ್ಕೆ ತಂಡದ ಕ್ಯಾಮರೊಗಳು 12ರಲ್ಲಿ 8 ರೇಸ್ ಗೆದ್ದವು, ಡಾನಹ್ಯೂ 6, ರಾನಿ ಬಕ್ನಮ್ 2. ಆ ತಂಡದವರು ತೂಕ ಇಳಿಸಲು ಕಾರಿನ ಮೈಯನ್ನೇ ಆಸಿಡ್ಡಿನಲ್ಲಿ ಅದ್ದಿ ತಗಡು ತೆಳ್ಳಗೆ ಮಾಡುತ್ತಿದ್ದರು, ತಗಡಿನ ಸುಕ್ಕು ಕಾಣಬಾರದು ಅಂತ ಮೇಲೆ ವಿನೈಲ್ ಹೊದಿಸಿದರು ಅಂತಲೂ ಹೇಳುತ್ತಾರೆ. 1970ರಲ್ಲಿ ಡಾನಹ್ಯೂ ಎಎಂಸಿ ಕಂಪನಿಯ ಜ್ಯಾವೆಲಿನ್ ಕಾರಿನ ಕಡೆ ಹೋದ, ಪಟ್ಟ ಬಾಸ್ 302ಕ್ಕೆ ಬಂತು. ದಕ್ಷಿಣ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗಿನ ಬಡ್ ಮೂರ್ ತಂಡ, ಡ್ರೈವರುಗಳು ಪಾರ್ನೆಲಿ ಜೋನ್ಸ್ ಮತ್ತು ಜಾರ್ಜ್ ಫಾಲ್ಮರ್. 11ರಲ್ಲಿ 6 ಗೆಲುವು, ಅದರಲ್ಲಿ 5 ಜೋನ್ಸ್‌ನದು. ಆ ವರ್ಷದ ಕೊನೆಯ ರೇಸು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ಮುಂದೆ ಓಡುತ್ತಿದ್ದ ಜೋನ್ಸ್‌ಗೆ ಹಿಂದುಳಿದ ಕಾರೊಂದು ಗುದ್ದಿ ಟ್ರ್ಯಾಕಿನಿಂದ ಆಚೆ ತಳ್ಳಿತು. ಮೈಯೆಲ್ಲ ಜಜ್ಜಿಹೋದ ಕಾರನ್ನು ಅವನು ಮತ್ತೆ ಟ್ರ್ಯಾಕಿಗೆ ತಂದ, ಒಬ್ಬೊಬ್ಬರನ್ನೇ ದಾಟಿಕೊಂಡು ಹೋಗಿ ಗೆದ್ದ. ಹಳದಿ ಬಾಸ್ ಕಂಡಾಗೆಲ್ಲ ನನ್ನ ತಲೆಗೆ ಬರುವುದು ಆ ಜಜ್ಜಿದ ಕಾರೇ.

ಇನ್ನು ಆ ಒಂದು ಅಕ್ಷರ.

ಸಂಖ್ಯೆ ನೋಡಿದರೆ 1969ರ ಝಡ್/28 ಸುಮಾರು 20,300 ಆಗಿವೆ. ಅದೇ ವರ್ಷದ ಬಾಸ್ 302 ಬರೀ 1,628. 1970ರಲ್ಲಿ ಇನ್ನು ಏಳು ಸಾವಿರದಷ್ಟು ಆದವು. ಕಮ್ಮಿ ಇದ್ದದ್ದಕ್ಕೆ ಬೆಲೆ ಜಾಸ್ತಿ, ಅದು ಸರಿ. ಆದರೆ ನನ್ನ ಮಾತು ಅದಲ್ಲ. ಬಾಸ್ ಮುಂದೆ ನಿಂತು ಗಾಜಿನೊಳಗಿಂದ ಡ್ಯಾಷ್‌ಬೋರ್ಡಿನ ಮೇಲಿರುವ, ಕಾರ್ಖಾನೆ ಕೊಟ್ಟ ನಂಬರಿನ ತಗಡು ನೋಡಿ. 9 ಎಫ್ 02 ಜಿ ಅಂತ ಶುರುವಾಗುತ್ತದೆ. 9 ಅಂದರೆ 1969. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 02 ಅಂದರೆ ಫಾಸ್ಟ್‌ಬ್ಯಾಕ್ ಮೈ. ಜಿ ಅಂದರೆ ಬಾಸ್ 302 ಎಂಜಿನ್, ಬೇರೆ ಯಾವುದೂ ಅಲ್ಲ. ಅದೇ ನಂಬರು ಫೆಂಡರಿನ ಒಳಗಿನ ಏಪ್ರನ್ ಮೇಲೂ ಅಚ್ಚಾಗಿರುತ್ತದೆ. ಆ ಜಿ ಇಲ್ಲದಿದ್ದರೆ ಅದು ಬಾಸ್ ಅಲ್ಲ, ಮಾತು ಮುಗಿಯಿತು. ಮೇಲಾಗಿ ಫೋರ್ಡ್‌ನ ಹಳೇ ಲೆಕ್ಕದ ಪುಸ್ತಕಗಳು ಉಳಿದಿವೆ. ನಂಬರು ಕೊಟ್ಟರೆ ಮಾರ್ಟಿ ರಿಪೋರ್ಟ್ ಅಂತ ಒಂದು ಕಾಗದ ತರಿಸಬಹುದು, ಕಾರು ಯಾವತ್ತು ಆಯಿತು, ಯಾವ ಬಣ್ಣ, ಯಾವ ಡೀಲರಿಗೆ ಹೋಯಿತು ಎಲ್ಲ ಅದರಲ್ಲಿ ಬರುತ್ತದೆ.

ಕ್ಯಾಮರೊಗೆ ಈ ಭಾಗ್ಯ ಇಲ್ಲ. 1969ರ ಕ್ಯಾಮರೊ ನಂಬರು ನೋಡಿದರೆ ವಿ8 ಅಂತ ಮಾತ್ರ ಗೊತ್ತಾಗುತ್ತದೆ. ಸಾದಾ ವಿ8ಗೂ ಝಡ್/28ಕ್ಕೂ ನಂಬರಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಆ ವರ್ಷ ಒಟ್ಟು ಎರಡೂ ಕಾಲು ಲಕ್ಷಕ್ಕೂ ಜಾಸ್ತಿ ಕ್ಯಾಮರೊ ಆಗಿವೆ, ಬಿಳಿ ಪಟ್ಟೆ ಎಳೆಯುವುದಕ್ಕೆ ಒಂದು ದಿನ ಸಾಕು. ಇದನ್ನು ನಾನು ಓದಿ ತಿಳಿದುಕೊಂಡಿದ್ದಲ್ಲ.

ನಾಲ್ಕು ವರ್ಷದ ಹಿಂದೆ ಪಕ್ಕದ ರಾಜ್ಯದಲ್ಲಿ ಒಬ್ಬರು ಝಡ್/28 ಮಾರುತ್ತಾರೆ ಅಂತ ಗೊತ್ತಾಯಿತು. ಫೋಟೋದಲ್ಲಿ ಎಲ್ಲ ಚೆನ್ನಾಗಿತ್ತು. ಕಾರು ಬೇರೆಯವರಿಗೆ ಹೋಗಬಾರದು ಅಂತ 500 ಡಾಲರ್ ಮುಂಗಡ ಕಳಿಸಿದೆ. ಶನಿವಾರ ಬೆಳಗಿನ ಜಾವ ಎದ್ದು ಅದೇ ಶಿವಮೊಗ್ಗದ ಗೆಳೆಯನನ್ನು ಕರೆದುಕೊಂಡು ನಾಲ್ಕು ಗಂಟೆ ಓಡಿಸಿಕೊಂಡು ಹೋದೆ. ಬಾನೆಟ್ ಎತ್ತಿದರು. ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಒಂದು ಸಣ್ಣ ಸಮತಟ್ಟು ಜಾಗ ಇರುತ್ತದೆ, ಎಂಜಿನ್ ಸಂಕೇತ ಅಚ್ಚು ಹಾಕುವುದು ಅಲ್ಲೇ. 1969ರ ಝಡ್/28 ಆದರೆ ಕೊನೆಯಲ್ಲಿ ಡಿಝಡ್ ಅಂತ ಇರಬೇಕು. ಇತ್ತು. ಕಾರಿನ ನಂಬರಿನ ಕೊನೆಯ ಅಂಕಿಗಳೂ ಹೊಂದುತ್ತಿದ್ದವು. ನನಗೆ ಎದೆ ಡವಡವ. ಗೆಳೆಯನಿಗೆ ಟಾರ್ಚನ್ನು ಓರೆಯಾಗಿ ಹಿಡಿಯಲು ಹೇಳಿ ಬಟ್ಟೆಯಿಂದ ಎಣ್ಣೆ ಒರೆಸಿ ನೋಡಿದೆ. ಕಾರ್ಖಾನೆಯಲ್ಲಿ ಆ ಜಾಗವನ್ನು ಒಂದು ದೊಡ್ಡ ಬ್ರೋಚ್ ಉಪಕರಣ ಕೆರೆದು ಸಮ ಮಾಡಿರುತ್ತದೆ, ಹಾಗಾಗಿ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ಗೆರೆಗಳು ಸಾಲಾಗಿ ಕಾಣಬೇಕು, ಅಕ್ಷರಗಳು ಆ ಗೆರೆಗಳ ಮೇಲೆ ಕೂತಿರಬೇಕು. ಅಲ್ಲಿ ಗೆರೆ ಇರಲಿಲ್ಲ. ಸ್ಯಾಂಡರ್ ಉಜ್ಜಿದ ಸುತ್ತು ಸುತ್ತು ಗುರುತು, ಅದರ ಮೇಲೆ ಹೊಸದಾಗಿ ಹೊಡೆದ ಅಕ್ಷರ.

ಬ್ಲಾಕನ್ನು ಮುಂಚೆ ಯಾರೋ ಮೇಲಿನಿಂದ ಕೆರೆಸಿರಬಹುದು ಅಂತ ಮಾರುವವರು ಹೇಳಿದರು. ಇರಬಹುದು. ಆದರೆ ಹಳೇ ಕಾಗದ ಒಂದೂ ಇರಲಿಲ್ಲ. ವಾರಂಟಿ ಪುಸ್ತಕದ ಜೊತೆ ಬರುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಅನ್ನುವ ಲೋಹದ ತಗಡು ಇದ್ದಿದ್ದರೆ ಎಂಜಿನ್, ಆಕ್ಸಲ್ ಸಂಕೇತ ಅದರಲ್ಲಿ ಸಿಗುತ್ತಿತ್ತು, ಅದೂ ಇಲ್ಲ. ಬೇಡ ಅಂತ ವಾಪಸ್ ಬಂದೆ. 500 ಡಾಲರ್ ವಾಪಸ್ ಬರಲಿಲ್ಲ. ದಾರಿಯುದ್ದಕ್ಕೂ ಗೆಳೆಯ ಪಾಪ ಏನೂ ಮಾತಾಡಲಿಲ್ಲ, ಮಧ್ಯದಲ್ಲಿ ಕಾಫಿ ಕೊಡಿಸಿದ.

ಹಾಗಂತ ಅಸಲಿ ಝಡ್/28 ಗುರುತಿಸುವುದಕ್ಕೆ ಆಗುವುದೇ ಇಲ್ಲ ಅಂತಲ್ಲ. ಓಹಾಯೊದ ನಾರ್‌ವುಡ್ ಕಾರ್ಖಾನೆಯಲ್ಲಿ ಆದ ಹಲವು ಕಾರುಗಳ ಕೌಲ್ (ಎಂಜಿನ್ನಿನ ಹಿಂದೆ, ಮುಂದಿನ ಗಾಜಿನ ಕೆಳಗಿನ ಗೋಡೆ) ತಗಡಿನ ಮೇಲೆ ಎಕ್ಸ್33 ಅಥವಾ ಎಕ್ಸ್77 ಅಂತ ಇರುತ್ತದೆ, ಅದು ಝಡ್/28 ಗುರುತು. ಲಾಸ್ ಏಂಜಲಿಸ್ ಕಡೆಯ ಕಾರ್ಖಾನೆಯ ಕಾರುಗಳಿಗೆ ಅದೂ ಇಲ್ಲ. ತಗಡನ್ನು ನಕಲು ಮಾಡುವವರೂ ಇದ್ದಾರೆ, ಆದ್ದರಿಂದ ಬಲ್ಲವರನ್ನು ಕರೆದುಕೊಂಡು ಹೋಗಿ ಪ್ರತಿಯೊಂದು ಭಾಗದ ತಾರೀಖು ನೋಡಿಸಬೇಕು. ಇಷ್ಟೆಲ್ಲ ಹೊಂದಿದ ಝಡ್/28 ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಅದರಲ್ಲೂ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಜೆಎಲ್8 ಆಯ್ಕೆಯದು ಆ ವರ್ಷ ಎಲ್ಲ ಕ್ಯಾಮರೊ ಸೇರಿ ಆದದ್ದೇ 206. ಬ್ರೇಕ್ ಕೆಲಸದವನಾದ ನನಗೆ ಅದನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡುವ ಆಸೆ.

ಬಾಸ್‌ನಲ್ಲಿ ತೊಂದರೆ ಇಲ್ಲ ಅಂತಲೂ ಅಲ್ಲ. ಕಾರ್ಖಾನೆಯಿಂದ ಬಂದ ಪಿಸ್ಟನ್‌ಗಳ ಸ್ಕರ್ಟ್, ಅಂದರೆ ಕೆಳಭಾಗ, ಬಿರುಕು ಬಿಡುವುದು ಎಲ್ಲರಿಗೂ ಗೊತ್ತಿರುವ ರೋಗ. ಹೀಗೆ ಒಡೆದು, ಅಸಲಿ ಎಂಜಿನ್ ಕಳೆದುಕೊಂಡ ಬಾಸ್‌ಗಳು ಬೇಕಾದಷ್ಟಿವೆ. ಆ ಬ್ಲಾಕು, ಆ ಹೆಡ್ಡು ಬೇರೆ ಕಾರಿನದು ತಂದು ಹಾಕುವಂಥದ್ದಲ್ಲ, ಸಿಕ್ಕರೂ ಬೆಲೆ ಕೇಳಿ ಸುಮ್ಮನಾಗಬೇಕು. ಕ್ಯಾಮರೊಗೆ ಹಾಗಲ್ಲ. ಷೆವ್ರೊಲೆಯ ಸಣ್ಣ ವಿ8ಗೆ ಯಾವ ಊರಿನ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ, 1969ರ ಕ್ಯಾಮರೊ ಮೈಯನ್ನೇ ಪೂರ್ತಿ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಹಾಗಾಗಿ ವಾರಕ್ಕೊಮ್ಮೆ ಹೊರಗೆ ತೆಗೆದು, ಸದ್ದು ಕೇಳಿ, ಮನಸ್ಸು ತುಂಬಾ ಓಡಿಸಬೇಕು ಅನ್ನುವವರು ಝಡ್/28 ತಗೊಳ್ಳಿ. ಎಂಜಿನ್ ಅಸಲಿಯಲ್ಲದ, ಬೆಲೆ ಇಳಿದ ಕಾರಾದರೆ ಇನ್ನೂ ಒಳ್ಳೇದು, ಗೀಚು ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ಆ 4,000 ಸುತ್ತಿನ ಮೇಲಿನ ಕೂಗು ಅದರಲ್ಲೂ ಅದೇ. ನಿಜ ಹೇಳಬೇಕೆಂದರೆ ಎರಡರಲ್ಲಿ ನನ್ನ ಮನಸ್ಸು ಕದ್ದ ಎಂಜಿನ್ ಅದೇ.

ಆದರೆ ಜೀವಮಾನದ ಉಳಿತಾಯ ಹಾಕುವಾಗ, ಮುಂದೆ ಮಕ್ಕಳ ಕೈಗೆ ಕೊಡುವಾಗ, ಇದು ಅಸಲಿಯೋ ಅಲ್ಲವೋ ಅನ್ನುವ ಮಾತು ಬರಬಾರದು. ದಾಖಲೆ ಸರಿಯಿರುವ ಒಳ್ಳೇ ಕಾರುಗಳು ಇವತ್ತು ಎರಡೂ ಐದಂಕಿಯ ಮೇಲ್ತುದಿಯಲ್ಲಿವೆ, ತೀರಾ ಚೆನ್ನಾಗಿರುವವು ಆರಂಕಿ ಡಾಲರ್ ಮುಟ್ಟುತ್ತವೆ. ಅಷ್ಟು ದುಡ್ಡು ಕೊಟ್ಟ ಮೇಲೆ ಟಾರ್ಚ್ ಹಿಡಿದು ಗೆರೆ ಹುಡುಕುವ ಕೆಲಸ ನನಗೆ ಮತ್ತೆ ಬೇಡ.

ಎದುರು ಮನೆಯ ಹಿರಿಯರು ತಮ್ಮ ಹಳದಿ ಬಾಸನ್ನು ಮಾರುವ ಮಾತು ಎತ್ತಿಲ್ಲ, ನಾನೂ ಕೇಳಿಲ್ಲ. ಏಪ್ರಿಲ್‌ನಲ್ಲಿ ಎರಡು ಒಳ್ಳೇ ಮಳೆ ಬಿದ್ದು ರಸ್ತೆಯ ಉಪ್ಪು ತೊಳೆದು ಹೋದ ಮೇಲೆ ಅವರು ಗ್ಯಾರೇಜ್ ಬಾಗಿಲು ತೆರೆಯುತ್ತಾರೆ. ಮೊದಲ ಕೆಲಸ ವಾಲ್ವ್ ಸಂದು ನೋಡುವುದು. ಅವರು ಫೀಲರ್ ಗೇಜ್ ಹಾಕುತ್ತಾರೆ, ನಾನು ದೀಪ ಹಿಡಿಯುತ್ತೇನೆ, ಹದಿನಾರೂ ವಾಲ್ವು ಮುಗಿಯುವ ಹೊತ್ತಿಗೆ ಅವರ ಹೆಂಡತಿ ಇಬ್ಬರಿಗೂ ಕಾಫಿ ತಂದಿಡುತ್ತಾರೆ. ಆಮೇಲೆ ಕೀಲಿ ತಿರುಗಿಸುತ್ತಾರೆ, ಟಿಕಿಟಿಕಿಟಿಕಿ.